ಝಿವ್ಕಾಳ ವೋಟು, ಎವ್ಲೋಗಿಯ ವೋಟು

"ನೀವು ಸೇತುವೆ ಪಕ್ಷದವರಲ್ವಾ?" ಝಿವ್ಕಾ ಪ್ರೆಸ್ಸಿನ ಬಾಗಿಲಲ್ಲೇ ನಿಂತು ಕೇಳಿದಳು. "ನಿನ್ನೆ ಅವರ ಪೋಸ್ಟರ್ ಕಟ್ಟು ಹೊತ್ಕೊಂಡು ಹೋಗ್ತಿದ್ರಿ."

ಎವ್ಲೋಗಿ ಯಂತ್ರ ನಿಲ್ಲಿಸಿ, ಮಸಿ ಮೆತ್ತಿದ ಕೈ ಒರೆಸಿಕೊಂಡ. "ಮೊನ್ನೆ ಹೊಸ ದಾರಿ ಪಕ್ಷದವರದ್ದು ಹೊತ್ತಿದ್ದೆ, ಅದನ್ನ ನೀವು ನೋಡ್ಲಿಲ್ಲ. ನಾನು ಪ್ರೆಸ್ಸಿನವನು ಸಿಸ್ಟರ್. ಎಲ್ಲರ ಸುಳ್ಳೂ ಇಲ್ಲೇ ಅಚ್ಚಾಗೋದು."

ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಡ್ಯಾನ್ಯೂಬ್ ದಡದ ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವಳು ಹದಿನಾಲ್ಕು ವರ್ಷದಿಂದ ಹೆರಿಗೆ ಮಾಡಿಸುವ ನರ್ಸ್. ಈಗ ಆ ವಾರ್ಡನ್ನೇ ಮುಚ್ಚುವ ಮಾತು ನಡೆದಿತ್ತು. ಪಕ್ಕದ ಊರಿನದು ಆಗಲೇ ಮುಚ್ಚಿತ್ತು. ಕಳೆದ ಚಳಿಗಾಲ ಅಲ್ಲಿಂದ ಇಲ್ಲಿಗೆ ಹೊರಟ ಒಬ್ಬಳು ಹಿಮ ಬಿದ್ದ ರಸ್ತೆಯಲ್ಲೇ ಹೆತ್ತಳು. ಎದುರು ಹೋಗಿ ಆ ಮಗುವನ್ನು ಕೈಗೆತ್ತಿಕೊಂಡವಳು ಝಿವ್ಕಾ. ಯಾವ ಸರ್ಕಾರವೂ ನಿಲ್ಲದೆ, ಮೂರು ವರ್ಷದಲ್ಲಿ ಇದು ಆರನೇ ಚುನಾವಣೆ. ಹಿಂದಿನ ನಾಲ್ಕಕ್ಕೆ ಅವಳು ಬೂತಿನ ಕಡೆ ತಲೆಯೂ ಹಾಕಿರಲಿಲ್ಲ. ಈ ಸಲ ಮಾತ್ರ ಓದಿ, ತೂಗಿ, ಒಬ್ಬರನ್ನು ಆರಿಸಲೇಬೇಕೆಂದು ಪಟ್ಟು ಹಿಡಿದಿದ್ದಳು.

ಎವ್ಲೋಗಿಯ ಬೀರುವಿನಲ್ಲಿ ಪ್ರತಿ ಚುನಾವಣೆಯ ಪ್ರತಿ ಕರಪತ್ರವೂ ಇತ್ತು. ಡ್ಯೂಟಿ ಮುಗಿದ ಮಧ್ಯಾಹ್ನಗಳಲ್ಲಿ ಅವಳು ಬರುತ್ತಿದ್ದಳು. ಇಬ್ಬರೂ ಮೇಜಿನ ತುಂಬ ಹಳೆಯದು, ಹೊಸದು ಹರಡಿಕೊಂಡು ಕೂರುತ್ತಿದ್ದರು. ಪಕ್ಕದಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ, ಕಾಫಿ.

"ಸೇತುವೆಯವರು ನಮ್ಮ ವಾರ್ಡಿನ ಹೆಸರು ಹಾಕಿದಾರೆ. ಹೊಸ ದಾರಿಯವರ ಹೋದ ಸಲದ್ದರಲ್ಲಿ 'ಸಣ್ಣ ಊರಿನ ಆಸ್ಪತ್ರೆ' ಅಂತಿತ್ತು, ಈ ಸಲ ಇಲ್ಲ," ಎಂದು ಅವಳು ಬಗ್ಗಿ ಓದುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದು ಬೀಳುತ್ತದೋ ಇಲ್ಲವೋ ಎಂದು ಎವ್ಲೋಗಿ ಕಾಯುತ್ತಿದ್ದ.

"ನಾಲ್ಕನೇ ಪುಟ ನನ್ನ ಮುಖದ ಮೇಲಿಲ್ಲ," ಅವಳು ತಲೆ ಎತ್ತದೆಯೇ ಹೇಳಿದಳು.

"ಐದನೇದು ಹುಡುಕ್ತಿದ್ದೆ," ಎಂದ. ಅವನ ಕಿವಿ ಕೆಂಪಾಗಿತ್ತು.

ಚುನಾವಣೆಗೆ ವಾರವಿರುವಾಗ ಅವಳು ಪೆನ್ನು ಕೆಳಗಿಟ್ಟಳು. "ನನ್ನದು ಸೇತುವೆಗೆ. ನಿಮ್ಮದು?"

"ಹೊಸ ದಾರಿಗೆ."

"ವಾರ್ಡಿನ ಬಗ್ಗೆ ಒಂದಕ್ಷರ ಬರೆಯದವರಿಗಾ?"

"ಸೇತುವೆಯವರು ಎರಡು ಸಲ ಬರೆದ್ರು, ಎರಡು ಸಲ ಮರೆತ್ರು. ಊರಲ್ಲಿ ಟೆಂಡರ್ ಎಲ್ಲ ಬೇಕಾದವರಿಗೇ ಹೋಗುತ್ತೆ. ಅದನ್ನ ಸರಿ ಮಾಡ್ತೀವಿ ಅಂತ ಬರೆದಿರೋದು ಹೊಸ ದಾರಿಯವರು ಮಾತ್ರ. ಅದು ನೇರ ಆಗದೆ ಆಸ್ಪತ್ರೆಗೆ ಅಂತ ಬಂದ ದುಡ್ಡು ಆಸ್ಪತ್ರೆಗೆ ಸೇರಲ್ಲ, ಝಿವ್ಕಾ."

"ಟೆಂಡರ್ ನೇರ ಆಗೋವರೆಗೆ ಹೆರಿಗೆ ನೋವು ಕಾಯಲ್ಲ!"

ಅವಳು ಕೋಟು ಎತ್ತಿಕೊಂಡು ಹೊರಟುಹೋದಳು. ಆ ವಾರವಿಡೀ ಪ್ರೆಸ್ಸಿನ ಕಡೆ ಬರಲಿಲ್ಲ. ಅವನು ಸರಿಯಾದದ್ದನ್ನೇ ಹೇಳಿರಬಹುದು ಎಂಬುದು ಅವಳನ್ನು ಹೆಚ್ಚು ಸುಡುತ್ತಿತ್ತು. ಮೂರು ಗಂಟೆಯಾದರೆ ಕಾಲು ತಾನಾಗಿ ಆ ಬೀದಿಗೆ ತಿರುಗುತ್ತಿತ್ತು. ಬಲವಂತವಾಗಿ ಅದನ್ನು ಮನೆ ಕಡೆ ನಡೆಸುತ್ತಿದ್ದಳು.

ಭಾನುವಾರ ಶಾಲೆಯಲ್ಲಿ ಮತದಾನ. ವೋಟು ಹಾಕಿ ಹೊರಬಂದಾಗ ಎವ್ಲೋಗಿ ಗೇಟಿನ ಬಳಿ ನಿಂತಿದ್ದ. ಗಡ್ಡ ಬೋಳಿಸಿ, ಇಸ್ತ್ರಿ ಶರ್ಟು ಹಾಕಿದ್ದ.

"ಹೊಸ ದಾರಿಗೇ ಹಾಕ್ದೆ," ಎಂದ ನೇರವಾಗಿ. "ನಿಮ್ಮನ್ನ ಒಲಿಸ್ಕೊಳ್ಳೋಕೆ ಬದಲಾಯಿಸೋಣ ಅಂತ ಪರದೆ ಹಿಂದೆ ನಿಂತು ಯೋಚಿಸ್ದೆ. ಆಗ್ಲಿಲ್ಲ. ಆದ್ರೆ ಈ ಏಳು ದಿನ ಪ್ರೂಫ್ ತಿದ್ದುವಾಗ ಇದ್ದ ಒಂದು ತಪ್ಪೂ ಕಣ್ಣಿಗೆ ಬೀಳ್ಲಿಲ್ಲ. ಮನಸ್ಸು ನಿಮ್ಮ ಹತ್ರ ಇತ್ತು. ನೀವಿಲ್ದೆ ನನಗಾಗಲ್ಲ ಝಿವ್ಕಾ."

ಅವಳು ಅವನನ್ನೇ ನೋಡಿದಳು. "ಬದಲಾಯಿಸಿದ್ದಿದ್ರೆ ಈ ಮಾತನ್ನೂ ನಂಬ್ತಿರ್ಲಿಲ್ಲ," ಎಂದು ಅವನ ಕೈ ಹಿಡಿದಳು. "ನಡಿ. ಜಗಳ ಇನ್ನೂ ಮುಗಿದಿಲ್ಲ."

ಬಹುಮತ ಯಾರಿಗೂ ಬರಲಿಲ್ಲ. ವಾರ್ಡು ಮುಚ್ಚುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಎರಡೂ ಪಕ್ಷದವರು ಅದು ತಮ್ಮಿಂದಲೇ ಎಂದರು. ವಸಂತದಲ್ಲಿ ಏಳನೇ ಚುನಾವಣೆ ಬಂದಾಗ ಝಿವ್ಕಾಳ ವಿಳಾಸ ಬದಲಾಗಿತ್ತು. ಒಂದೇ ಮನೆ, ಆದ್ದರಿಂದ ಒಂದೇ ಬೂತು. ಸರದಿಯಲ್ಲಿ ಅವಳ ಹಿಂದೆ ನಿಂತ ಎವ್ಲೋಗಿ, "ಈ ಸಲ ಯಾರಿಗೆ?" ಎಂದು ಪಿಸುಗುಟ್ಟಿದ.

"ಗುಟ್ಟಿನ ಮತದಾನ ಕಣೋ," ಎಂದು ಅವಳು ಪರದೆಯ ಹಿಂದೆ ಹೋದಳು.