ಟಾಪಿನಲ್ಲೊಂದು ಕಿಂಡಿ

"ಅಮ್ಮಾ, ಹೊಸ ಟಾಪ್ ಯಾಕೆ ಕತ್ತರಿಸ್ತಿದ್ದೀಯ?"

ಅಮ್ಮನ ಕತ್ತರಿ ಅಲ್ಲೇ ನಿಂತಿತು. "ಅಳತೆ ಸರಿಯಿರ್ಲಿಲ್ಲ ಕಣೇ. ಹೋಗು, ಹೋಮ್‌ವರ್ಕ್ ಮಾಡು."

ಹುಡುಗಿ ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಲೇ ನಿಂತಳು. ಹೀಗೆ ಎಲ್ಲದಕ್ಕೂ ಇಣುಕುತ್ತಾಳೆಂದೇ ಅಜ್ಜಿ ಅವಳಿಗೆ ಇಣುಕಿ ಎಂದು ಹೆಸರಿಟ್ಟಿದ್ದು.

ಅಮ್ಮ ಊರಿಗೆಲ್ಲ ಬಟ್ಟೆ ಹೊಲಿಯುವವಳು. ಅವಳ ಅಳತೆ ತಪ್ಪುವುದೆಂದರೇನು! ಅದೂ ಕತ್ತರಿಸುತ್ತಿದ್ದುದು ತೋಳನ್ನಲ್ಲ, ಸೊಂಟವನ್ನಲ್ಲ. ಬಲಗಡೆ, ಕತ್ತಿನ ಕೆಳಗೆ, ಬೆರಳುದ್ದದ ಒಂದು ಕಿಂಡಿ. ಅದನ್ನು ಮುಚ್ಚಲು ಒಂದು ಪಟ್ಟಿ, ಎರಡು ಪ್ರೆಸ್ ಬಟನ್.

ಇಣುಕಿಗೆ ಅನುಮಾನ ಹತ್ತಿದ್ದು ಇವತ್ತಲ್ಲ. ಮೂರು ತಿಂಗಳ ಹಿಂದೆ ಡಾಕ್ಟರು ಅಮ್ಮನ ಎಡ ಎದೆಯಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. "ಪೂರ್ತಿ ತೆಗೆದಾಯ್ತು" ಎಂದು ಅಮ್ಮನೇ ಹೇಳಿದ್ದಳು. ಆದರೆ ಮೊನ್ನೆ ಸ್ಕೂಲಿನಿಂದ ಓಡಿ ಬಂದು ತಬ್ಬಿಕೊಂಡಾಗ, ಇಣುಕಿಯ ಹಣೆಗೆ ಅಮ್ಮನ ಬಲಗಡೆ, ಕತ್ತಿನ ಕೆಳಗೆ, ಏನೋ ಗಟ್ಟಿಯಾಗಿ ತಗುಲಿತ್ತು. ಗುಂಡಗೆ. ಚರ್ಮದ ಒಳಗೆ.

"ಏನಮ್ಮಾ ಅದು?"

"ಎಲುಬು ಕಣೇ," ಎಂದು ಅಮ್ಮ ಅವಳನ್ನು ಮೆಲ್ಲಗೆ ಎಡಕ್ಕೆ ಸರಿಸಿದ್ದಳು.

ಎಲುಬಂತೆ! ನಿನ್ನೆ ಕ್ಲಾಸಿನಲ್ಲಿ ಇಣುಕಿ ಪಕ್ಕದ ಹುಡುಗಿಯ ಕತ್ತಿನ ಕೆಳಗೆ ಒತ್ತಿ ನೋಡಿದ್ದಳು.

"ಏಯ್, ಕಚಗುಳಿ ಇಡ್ಬೇಡ! ಮಿಸ್‌ಗೆ ಹೇಳ್ತೀನಿ!"

ಅಲ್ಲಿ ಗುಂಡಗಿನ ಎಲುಬೇ ಇರಲಿಲ್ಲ. ಹಾಗಾದರೆ ಅಮ್ಮನದು ಇನ್ನೊಂದು ಗಡ್ಡೆ. ಈ ಸಲ ಬಲಗಡೆ. ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ.

"ಅಜ್ಜೀ, ಅಮ್ಮಂಗೆ ಮತ್ತೆ ಬಂದಿದೆಯಾ?"

"ಬಿಡ್ತು ಅನ್ನೇ! ಏನ್ ಬಾಯಿ ನಿಂದು!" ಅಜ್ಜಿ ದಡಬಡ ಎದ್ದು ಒಳಗೆ ಹೋದರು.

ಉತ್ತರ ಗೊತ್ತಿದ್ದವರೇ ಹಾಗೆ ಎದ್ದು ಹೋಗುವುದು ಎಂದುಕೊಂಡಳು ಇಣುಕಿ.

ಸಂಜೆ ಅಮ್ಮ ಗಿರಾಕಿಯೊಬ್ಬರಿಗೆ ಬಟ್ಟೆ ಕೊಡಲು ಹೋದಾಗ ಇಣುಕಿ ಸೂಜಿಗೆ ದಾರ ಪೋಣಿಸಿದಳು. ಕಿಂಡಿಯನ್ನು ಹೊಲಿದೇಬಿಟ್ಟಳು. ಇನ್ನು ಅಮ್ಮ ಕೇಳಲೇಬೇಕು. ಕೇಳಿದರೆ ಹೇಳಲೂಬೇಕು.

ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಹೊತ್ತು. ಅಮ್ಮ ಟಾಪಿನ ಪ್ರೆಸ್ ಬಟನ್ ಬಿಚ್ಚಿ ನೋಡಿದಳು.

"ಇದನ್ನ ಹೊಲಿದೋರು ಯಾರು?"

"ಇನ್ಯಾರು! ಇಣುಕೀ, ಬಾರೇ ಇಲ್ಲಿ!" ಅಜ್ಜಿ ಕೂಗಿದರು.

"ನಾನೇ ಹೊಲಿದಿದ್ದು," ಎಂದಳು ಇಣುಕಿ. "ಅಮ್ಮಾ, ಮೊದ್ಲು ನೀನು ನಿಜ ಹೇಳು. ಅದು ಗಡ್ಡೆ ತಾನೇ? ಎಲುಬಲ್ಲ. ನಾನು ಚೆಕ್ ಮಾಡಿದ್ದೀನಿ."

ಅಮ್ಮ ಮಂಚದ ಮೇಲೆ ಕೂತುಬಿಟ್ಟಳು. "ಮಗು ಹತ್ರ ಇದೆಲ್ಲ ಯಾಕೆ?" ಎಂದು ಅಜ್ಜಿ ಗೊಣಗಿದರೂ ಅಮ್ಮ ಇಣುಕಿಯ ಬೆರಳು ಹಿಡಿದು ಆ ಗುಂಡಗಿನ ಜಾಗದ ಮೇಲೆ ಇಟ್ಟುಕೊಂಡಳು.

"ಮೆಲ್ಲಗೆ ಮುಟ್ಟು. ಇದನ್ನ ಡಾಕ್ಟರೇ ಒಳಗೆ ಇಟ್ಟಿರೋದು. ಪೋರ್ಟ್ ಅಂತಾರೆ. ಪುಟ್ಟ ಡಬ್ಬಿ ಇದ್ದ ಹಾಗೆ. ಇದರಿಂದ ಒಂದು ಸಣ್ಣ ಪೈಪ್ ದೊಡ್ಡ ರಕ್ತನಾಳಕ್ಕೆ ಹೋಗತ್ತೆ. ಗಡ್ಡೆ ಹೋಯ್ತು. ಆದ್ರೆ ಕಣ್ಣಿಗೆ ಕಾಣದ ಚೂರುಪಾರು ಎಲ್ಲಾದ್ರೂ ಉಳಿದಿದ್ರೆ ಅಂತ ಔಷಧಿ ಹಾಕ್ತಾರೆ. ಪ್ರತಿ ಸಲ ಕೈಯಲ್ಲಿ ನರ ಹುಡುಕಿ ಒದ್ದಾಡೋ ಬದಲು ನರ್ಸ್ ಇಲ್ಲೇ ಸೂಜಿ ಹಾಕ್ತಾರೆ. ಅದಕ್ಕೇ ಕಿಂಡಿ."

ಇಣುಕಿ ಬೆರಳಾಡಿಸಿದಳು. ಕೋಟಿನ ಬಟನ್‌ನಷ್ಟು ಅಗಲ. ಮೇಲೆ ಮೂರು ಪುಟ್ಟ ಉಬ್ಬು, ಅಳತೆ ಹಿಡಿದು ಇಟ್ಟ ಹಾಗೆ. ಗಡ್ಡೆ ಎಲ್ಲಿ ಇಷ್ಟು ಅಚ್ಚುಕಟ್ಟಾಗಿರುತ್ತದೆ?

"ಮತ್ತೆ ಎಲುಬು ಅಂದೆ?"

"ಹೆದರ್ಕೋತೀಯ ಅಂತ."

"ನಾನು ಆವಾಗ್ಲೇ ಹೆದರಿದ್ದೆ."

ಅಮ್ಮ ತಲೆ ತಗ್ಗಿಸಿದಳು.

"ಔಷಧಿ ಹಾಕಿದ್ರೆ ಪೂರ್ತಿ ಹೋಗತ್ತಾ?"

"ಹೋಗ್ಲಿ ಅಂತಲೇ ಹಾಕಿಸ್ಕೊಳ್ತಿರೋದು."

ಈ ಸಲ ಅಮ್ಮ 'ಪೂರ್ತಿ' ಎನ್ನಲಿಲ್ಲ. ಆದರೂ ಇಣುಕಿಗೆ ಈ ಮಾತೇ ನಿಜ ಅನ್ನಿಸಿತು.

"ಹೊಲಿಗೆ ಸೊಟ್ಟಗಿದ್ರೂ ಗಟ್ಟಿಯಾಗಿದೆ ಕಣೇ," ಅಮ್ಮ ನಕ್ಕಳು. "ಬೇಗ ಬಿಚ್ಚು. ಬಸ್ ಹೋಗತ್ತೆ."

ಇಣುಕಿ ಒಂದೊಂದೇ ಹೊಲಿಗೆ ಬಿಚ್ಚುತ್ತಾ ಓರೆಗಣ್ಣಲ್ಲಿ ನೋಡಿದಳು. ಯಾರೂ ನೋಡುತ್ತಿಲ್ಲವೆಂದುಕೊಂಡು ಅಮ್ಮ ತನ್ನ ಕತ್ತಿನ ಕೆಳಗೆ ಎರಡು ಬೆರಳಿಂದ ಒತ್ತಿ ನೋಡಿಕೊಳ್ಳುತ್ತಿದ್ದಳು. ಪೋರ್ಟಿನ ಮೇಲೆ. ಆಮೇಲೆ ಅದರ ಪಕ್ಕ. ಆಮೇಲೆ ಇನ್ನೂ ಆಚೆ. ಕ್ಲಾಸಿನಲ್ಲಿ ಇಣುಕಿ ಹುಡುಕಿದ್ದಳಲ್ಲ, ಹಾಗೆಯೇ.

ಅಮ್ಮನಿಗೂ ಅನುಮಾನ.

ಇಣುಕಿ ಟಾಪನ್ನು ಅಮ್ಮನ ಮಡಿಲಲ್ಲಿಟ್ಟು, ಮಂಚ ಸುತ್ತಿ ಬಂದು, ಎಡಗಡೆಯಿಂದ ಅವಳಿಗೆ ಒತ್ತಿಕೊಂಡು ಕೂತಳು.