ದುರ್ಗವ್ವನ ಬೆಳ್ಳಿ ಕಣ್ಣು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಅಂತೂರ ಬೆಂತೂರ ಊರಿನಿಂದ ಬಂದ ದೂರು ಕೇಳಿ ಠಾಣೆಯಲ್ಲಿದ್ದವರಿಗೆ ನಗಬೇಕೋ ಅಂಜಬೇಕೋ ತಿಳಿಯಲಿಲ್ಲ. ಅಭಿಷೇಕ ನಡೆದಿರುವಾಗಲೇ ದುರ್ಗವ್ವನ ಎಡಗಣ್ಣು ಜಾರಿ ಗಲ್ಲಕ್ಕೆ ಬಂದು ನಿಂತಿತ್ತಂತೆ.

ದೂರು ತಂದವರು ಗುಡಿ ಕಮಿಟಿಯ ಹಿರಿಯ ನಿಜಲಿಂಗಪ್ಪ. ಪಂಚನಾಮೆಗೆ ಮೊದಲೇ ಆ ಕಣ್ಣನ್ನು ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. ದಾರಿಯಲ್ಲಿ ಅಕ್ಕಸಾಲಿಗನಿಗೂ ತೋರಿಸಿಯಾಗಿತ್ತು. ಅದು ಬೆಳ್ಳಿಯಲ್ಲ, ಹರಕೆಗೆಂದು ಅಂಗಡಿಯಲ್ಲಿ ಮಾರುವ ತಗಡು. ಸಾಕ್ಷ್ಯವನ್ನು ಊರೆಲ್ಲ ಮುಟ್ಟಿಸಿ ತರುವ ಇಂಥ ಹಿರಿಯರನ್ನು ಕಂಡರೆ ಇನ್ಸ್‌ಪೆಕ್ಟರ್ ಫಕೀರೇಶರಿಗೆ ಮೈ ಉರಿಯುತ್ತಿತ್ತು.

“ಯಾರ ಮ್ಯಾಲ ಸಂಶೆ ಐತಿ?”

“ಸಂಶೆ ಯಾಕರಿ, ಖರೇನ ಆಂವನ. ಕಲ್ಲಿನ ಕೆಲಸದ ಮುಂಡರಗಿ ಯೂಸುಫ. ಹೋದ ವರ್ಷ ಬೆಳ್ಳಿ ಕಣ್ಣು ಕೂಡಿಸಿದಾಂವ. ಕೂಡಿಸಿದಾಂವಗ ಕೀಳಾಕ ಬರೂದಿಲ್ಲೇನ್ರಿ?”

ಭಾರತೀಯ ನ್ಯಾಯ ಸಂಹಿತೆ ಕಲಂ 305ರ ಅಡಿ ಎಫ್‌ಐಆರ್ ಆಯಿತು. 11.30ಕ್ಕೆ ಗುಡಿಯಲ್ಲಿ ಪಂಚನಾಮೆ. ವಿಗ್ರಹದ ಕಲ್ಲಿನ ಮೇಲೆ ಉಳಿಯದೋ ಕಳೆ ಕೀಳುವ ಕುರ್ಪಿಯದೋ ಗೀರುಗಳಿದ್ದವು. ಉಳಿದ ಬಲಗಣ್ಣನ್ನು ಫಕೀರೇಶ ಬೆರಳಿನಿಂದ ಒತ್ತಿದರೆ ಅದೂ ಸರಿಯಿತು, ಅದೂ ತಗಡೇ. ಕೆಳಗಿನ ಅಂಟು ಇನ್ನೂ ಹಸಿ. ಶುಕ್ರವಾರ ಅರಿಷಿಣ ಹಚ್ಚಿ ತಿಕ್ಕಿದಾಗ ಕಣ್ಣು ಗಟ್ಟಿಯಾಗಿದ್ದವೆಂದು ಪೂಜಾರಿ ಮುತ್ತಣ್ಣ ಹೇಳಿದ.

“ಒಳಗ ಯಾರ‍್ಯಾರು ಹೊಕ್ಕಾರ?”

“ನಾನ ಹೋಗೂದರಿ. ಮತ್ತ ಗದಿಗೆವ್ವ. ಕಸಾ ಹೊಡೀತಾಳ, ಅಭಿಷೇಕಕ್ಕ ಮೊಸರು ತರ‍್ತಾಳ. ಆಕಿ ಅಂಥಾಕಿ ಅಲ್ಲ ಬಿಡ್ರಿ.”

ಅಂಥವರು ಅಲ್ಲ ಎಂದು ಹೇಳಿಸಿಕೊಂಡ ಎಷ್ಟು ಜನರಿಗೆ ತಾವೇ ಬೇಡಿ ಹಾಕಿಲ್ಲ! ಫಕೀರೇಶ ಪೂಜಾರಿಯ ಹೆಸರನ್ನೂ ಆ ಹೆಂಗಸಿನ ಹೆಸರನ್ನೂ ಬರೆದುಕೊಂಡರು.

ಮಧ್ಯಾಹ್ನ ಮೂರಕ್ಕೆ ಯೂಸುಫ ಠಾಣೆಯ ಬೆಂಚಿನ ಮೇಲಿದ್ದ. ಅಷ್ಟರಲ್ಲಾಗಲೇ ಖಬರ ಹಬ್ಬಿ, ಲಕ್ಷ್ಮೇಶ್ವರದಲ್ಲಿ ಒಪ್ಪಿಕೊಂಡಿದ್ದ ಕಲ್ಲಿನ ಕೆಲಸ ಬೇಡವೆಂದು ಫೋನು ಬಂದಿತ್ತು.

“ಸಾಹೇಬ್ರ, ಮೂವತ್ತು ವರ್ಷ ಗುಡಿ, ದರ್ಗಾ ಎರಡರಾಗೂ ಕೆಲಸ ಮಾಡೇನ್ರಿ. ಕಳ್ಳ ಅಂದ್ರ ಇನ್ನ ಯಾರ ಹೊಸ್ತಿಲಾನೂ ತುಳಿಯಾಕ ಆಗೂದಿಲ್ಲ.”

ಫಕೀರೇಶ ತಗಡಿನ ಕಣ್ಣನ್ನು ಮುಂದೆ ಇಟ್ಟರು. ಯೂಸುಫ ಅದರ ಬೆನ್ನಿನ ಅಂಟು ಎಳೆದು ನೋಡಿ ಮೊದಲ ಬಾರಿ ನಕ್ಕ.

“ಇದು ಕಲಿತಾಂವ ಮಾಡಿದ್ದಲ್ಲರಿ. ಒಂದು ಟ್ಯೂಬಿನಾಗ ಅಂಟು, ಇನ್ನೊಂದರಾಗ ಹಾರ್ಡನರ್. ಅಂಟು ಅಂದ್ರ ಬಿಡಿ ಬಿಡಿ ಎಳಿ ಇದ್ದಂಗ. ಹಾರ್ಡನರ್ ಎಳಿಗೆ ಎಳಿ ಗಂಟು ಹಾಕ್ತೈತಿ, ಆಗ ಕಲ್ಲಾಗ್ತೈತಿ. ಅರ್ಧಕ್ಕರ್ಧ ಹಾಕಬೇಕು. ಇದಕ್ಕ ಒಂದ ಹನಿ ಹಾಕ್ಯಾರ.”

ಬೇಕೆಂದೇ ಕೆಡಿಸಿ, ಈಗ ತಪ್ಪಿಸಿಕೊಳ್ಳುತ್ತಿದ್ದಾನೆಯೇ? ಫಕೀರೇಶ ಸುಲಭಕ್ಕೆ ನಂಬಲಿಲ್ಲ. ಹೊಸ ಟ್ಯೂಬು ತರಿಸಿ ಎರಡು ಹಂಚಿನ ಚೂರುಗಳ ಮೇಲೆ ಅವನ ಕೈಯಿಂದಲೇ ಕಲಸಿಸಿದರು: ಒಂದಕ್ಕೆ ಸಮಪಾಲು, ಒಂದಕ್ಕೆ ಹನಿ. ಬುಧವಾರ ಬೆಳಿಗ್ಗೆ ಮೊದಲನೆಯದು ಉಗುರಿಗೆ ಜಗ್ಗಲಿಲ್ಲ, ಎರಡನೆಯದು ಬೆರಳಿಗೆ ನೂಲಿನಂತೆ ಎದ್ದು ಬಂತು. ಯೂಸುಫನ ಮಾತು ಖರೆಯಾಯಿತು.

“ಒಂದು ಹನಿ ಸಾಕು ಅಂತ ಯಾರಿಗೆ ಅನಸ್ತೈತಿ?” ಎಂದರು ಫಕೀರೇಶ.

ಮಹಿಳಾ ಕಾನ್‌ಸ್ಟೆಬಲ್ ತಬಸ್ಸುಮ ಚಹಾ ಕೆಳಗಿಟ್ಟಳು. “ನಮ್ಮ ಅಮ್ಮಿ ಗಡಿಗಿ ಹಾಲಿಗೆ ಒಂದ ಚಮಚ ಹೆಪ್ಪು ಹಾಕ್ತಾಳ್ರಿ ಸರ.”

ಫಕೀರೇಶ ಎದ್ದೇ ನಿಂತರು. ಹೆಪ್ಪಿಗೆ ಜೀವ ಇದೆ. ಚಮಚೆಯಷ್ಟು ಹಾಕಿದರೂ ಹಾಲಿನಲ್ಲಿ ತಾನೇ ಬೆಳೆದು, ಹುಳಿ ಏರಿಸಿ, ಹಾಲಿನ ಸತ್ವ ಒಂದಕ್ಕೊಂದು ಕೂಡಿ ಗಡ್ಡೆ ಕಟ್ಟುವಂತೆ ಮಾಡುತ್ತದೆ. ಹಾರ್ಡನರ್ ಬೆಳೆಯುವುದಿಲ್ಲ, ಹಾಕಿದಷ್ಟೇ ಗಂಟು. ಹುಟ್ಟಿದಾಗಿನಿಂದ ಹಾಲಿಗೆ ಹೆಪ್ಪು ಹಾಕಿದ ಕೈಗೆ ಮಾತ್ರ ಈ ತಪ್ಪು ಬರುತ್ತದೆ.

10.15ಕ್ಕೆ ಗದಿಗೆವ್ವನ ಮನೆ. ಒಲೆಯ ಪಕ್ಕ ಮೊಸರಿನ ಗಡಿಗೆಯ ಸಾಲಿನಲ್ಲೇ, ಬೆಚ್ಚಗಿರಲೆಂದು ಬಟ್ಟೆ ಸುತ್ತಿಟ್ಟ ಒಂದು ಕರಟ. ಅದರಲ್ಲಿ ಮಿಕ್ಕಿದ ಅಂಟು. ಪಾಪ, ಅದು ಗಟ್ಟಿಯಾದೀತೆಂದು ಇನ್ನೂ ಕಾಯುತ್ತಿದ್ದಳು. ಮೂಲೆಯಲ್ಲಿ ಮಣ್ಣು ಹತ್ತಿದ ಕುರ್ಪಿ. ಗೋಡೆಯ ಗೂಡಿನಲ್ಲಿ ಹಳದಿ ಅರಿವೆಯೊಳಗೆ ಎರಡು ಬೆಳ್ಳಿ ಕಣ್ಣು, ಮೇಲೆ ಅಂದಿನ ಕುಂಕುಮ.

“ಮಾರಾಕ ತಗದಿದ್ರೇನು?”

“ಇಲ್ಲ.”

“ಮತ್ತ್ಯಾಕ?”

ಗದಿಗೆವ್ವ ನಿಧಾನಕ್ಕೆ ಹೇಳಿದಳು. ಎರಡು ವರ್ಷದ ಹಿಂದೆ ಮಗಳು ಐಶ್ವರ್ಯಾ ನಿಜಲಿಂಗಪ್ಪನವರ ಮನೆಯಲ್ಲಿ ಮುಸುರಿ ತಿಕ್ಕುತ್ತಿದ್ದಳು. ಬಂಗಾರದ ಬಳೆ ಕಾಣಲಿಲ್ಲ. ಖರೆ ಇದ್ದರೆ ಸುಡುವುದಿಲ್ಲ ಎಂದು ಅವರೇ ದುರ್ಗವ್ವನ ಮುಂದೆ ಹುಡುಗಿಯ ಅಂಗೈ ಮೇಲೆ ಕರ್ಪೂರ ಹಚ್ಚಿದರು. ಸುಟ್ಟಿತು. ತಿಂಗಳ ಮೇಲೆ ಬಳೆ ಅವರದೇ ಟ್ರಂಕಿನಲ್ಲಿ ಸಿಕ್ಕಿತು. ಯಾರೂ ಬಂದು ಒಂದು ಮಾತು ಆಡಲಿಲ್ಲ. ಹುಡುಗಿ ಶಿರಹಟ್ಟಿಯ ಸೋದರತ್ತೆಯ ಮನೆ ಸೇರಿದವಳು ತಿರುಗಿ ಊರಿಗೆ ಕಾಲಿಟ್ಟಿಲ್ಲ.

“ಅಂಗೈ ಬೇಯೂತನಾ ದುರ್ಗವ್ವ ಕಣ್ಣು ಬಿಟ್ಕೊಂಡು ಕುಂತಿದ್ಲರಿ. ನೋಡದಾಕಿಗೆ ಬೆಳ್ಳಿ ಕಣ್ಣು ಯಾಕ ಬೇಕು?”

“ಹಂಗಂದ್ರ ತಗಡಿನವು ಯಾಕ ಹಚ್ಚಿದ್ರಿ?”

“ಎಷ್ಟಂದ್ರೂ ತಾಯಿ. ಕುರುಡಿ ಮಾಡಾಕ ಮನಸ್ಸು ಬರಲಿಲ್ಲ.”

ಫಕೀರೇಶ ಆ ಕಣ್ಣುಗಳ ಮೇಲೆ ಅರಿವೆ ಮುಚ್ಚಿದರು. ಆದರೂ ಕೇಳಬೇಕಾದ್ದನ್ನು ಕೇಳಿದರು. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಹಾಕಿದ್ರು. ನಿನ್ನೆಯಿಂದ ಯೂಸುಫ ಕಳ್ಳ ಅನಿಸ್ಕೊಂಡು ಠಾಣೇದಾಗ ಕುಂತಾನ. ನಿಮಗ ಗೊತ್ತಿತ್ತಲ್ಲ ಯವ್ವಾ?”

ಆಕೆಯ ಮುಖ ಬಿಳಿಚಿತು. ಸೆರಗು ಹೊದ್ದು ತಾನೇ ಜೀಪಿನ ಕಡೆ ನಡೆದಳು.

12.20ಕ್ಕೆ ಬಂಧನ ದಾಖಲಾಯಿತು. ಬರೆದ ಹೇಳಿಕೆಯನ್ನು ಫಕೀರೇಶ ಎಲ್ಲರ ಮುಂದೆ ಜೋರಾಗಿ ಓದಿ ಹೇಳಿದರು, ಕರ್ಪೂರದ ಮಾತು, ಬಳೆಯ ಮಾತು ಒಂದೂ ಬಿಡದೆ. ಅಷ್ಟೂ ಹೊತ್ತು, ದೂರುದಾರರೆಂದು ಕರೆಸಿದ್ದ ನಿಜಲಿಂಗಪ್ಪ ಅಲ್ಲಿಯೇ ಕುಳಿತಿದ್ದರು. ಓದು ಮುಗಿದ ಮೇಲೆ ಗದಿಗೆವ್ವ ತಬಸ್ಸುಮಳ ಕೈ ಬಿಡಿಸಿಕೊಂಡು ಬೆಂಚಿನ ಮುಂದೆ ಹೋಗಿ ನಿಂತಳು.

“ತಪ್ಪಾತಪಾ, ಯೂಸುಫ. ನೀ ಕಳ್ಳ ಅಲ್ಲ. ಊರಿಗೆಲ್ಲ ನಾನ ಹೇಳ್ತೀನಿ.”

ಯೂಸುಫ ಎದ್ದು ನಿಂತು ಕೈ ಮುಗಿದ.

ಇನ್ನು ನಿಮ್ಮ ಸರದಿ ಎಂಬಂತೆ ಫಕೀರೇಶ ನಿಜಲಿಂಗಪ್ಪನವರ ಕಡೆ ತಿರುಗಿದರು. ಇಡೀ ಠಾಣೆ ಆ ಕಡೆ ತಿರುಗಿತು. ನಿಜಲಿಂಗಪ್ಪ ಕೆಮ್ಮಿ, ಪೆನ್ನು ತೆರೆದು, ಸಹಿ ಎಲ್ಲಿ ಮಾಡಬೇಕೆಂದು ಕೇಳಿದರು.