ಸೊಳ್ಳೆಮಾಮನ ಬೆನ್ನಿನ ಜಿಪ್

ತಗಡಿನ ಛಾವಣಿ ಕಾದು ಕೆಂಡವಾಗಿತ್ತು.

ನಾನು ಅದರ ಮೇಲೆ ಓಡುತ್ತಿದ್ದೆ. ಮಟಮಟ ಮಧ್ಯಾಹ್ನ. ಮೈಗೆ ಅಂಟಿದ ಹಸಿರು ಬಟ್ಟೆ. ಎದೆಯ ಮೇಲೆ ಅಂಗಾತ ಸತ್ತು ಬಿದ್ದ ಸೊಳ್ಳೆಯ ಚಿತ್ರ. ಕೂರುವ ಜಾಗದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಒಂದೇ ಸುರುಳಿ, ಮನೆಯೆಲ್ಲ ಗೊರಕೆ’. ಯಾವುದೋ ಸೊಳ್ಳೆಬತ್ತಿ ಕಂಪನಿ ತನ್ನ ಪ್ರಚಾರಕ್ಕೆ ಹೊಲಿಸಿ ಕಸಕ್ಕೆ ಎಸೆದ ವೇಷ ಅದು.

ಹಿಂದೆ ಮೂವರು. ಒಬ್ಬನ ಕೈಯಲ್ಲಿ ಕಬ್ಬಿಣದ ಪೈಪು.

“ಹಿಡ್ಕೊಳ್ರೋ ಆ ಸೊಳ್ಳೇನ...”

ನನಗೆ ನಲವತ್ತಾರು. ನನ್ನ ಮೊಣಕಾಲಿಗೆ ಅರವತ್ತು. ಕೆಳಗೆ ಓಣಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ತಲೆಯೆತ್ತಿ ನೋಡಿ ಪಕ್ಕದವಳಿಗೆ ಹೇಳಿದಳು.

“ಈ ಸಲದೋನಿಗೆ ಹೊಟ್ಟೆ ಜಾಸ್ತಿ ಕಣೇ.”

ನನಗೆ ಅವಮಾನವಾಯಿತು. ಇನ್ನೊಂದು ಹೆಜ್ಜೆ ಇಟ್ಟೆ. ತಗಡು ಕಿರ್ ಎಂದಿತು. ಆಮೇಲೆ ಅಲ್ಲಿ ತಗಡೇ ಇರಲಿಲ್ಲ.

ಬಿದ್ದೆ.

ಎಲ್ಲಿಗೆ ಬಿದ್ದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಯಾಕೆ ಹತ್ತಿದೆ ಎನ್ನುವುದನ್ನು ಕೇಳಿ. ನಿಮಗೇನೂ ಅವಸರವಿಲ್ಲ, ನನಗೂ ಇಲ್ಲ.

ಹುಡುಕುವುದು ನನ್ನ ಕಸುಬು. ಓಡಿಹೋದ ಗಂಡಂದಿರು, ಕದ್ದುಹೋದ ಸ್ಕೂಟರು, ತಪ್ಪಿಸಿಕೊಂಡ ನಾಯಿ. ಇಷ್ಟರಲ್ಲಿ ಸಿಕ್ಕಾಗ ಖುಷಿಪಡುವುದು ನಾಯಿ ಒಂದೇ.

ಒಂದು ದಿನ ಬೀಗದಣ್ಣ ಹೇಳಿಕಳಿಸಿದ. ಗುಜರಿ ಗೋಡೌನಿನ ಮಾಲೀಕ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಆ ಕೊಳೆಗೇರಿಯಲ್ಲಿ ಬೀಗವಿರುವ ಬಾಗಿಲಿಗೆಲ್ಲ ಕೀಲಿ ಅವನ ಹತ್ತಿರವೇ ಇರುತ್ತದೆ. ಮನೆಯಲ್ಲಿ ಇರುವವರ ಹತ್ತಿರ ಇರುತ್ತದೋ ಇಲ್ಲವೋ.

“ನನ್ ಶೆಡ್‌ನಲ್ಲಿ ದಿಕ್ಕಿಲ್ಲದ ಮಕ್ಕಳು ಕೆಲಸ ಕಲೀತಾವೆ,” ಎಂದ. “ಪುಣ್ಯದ ಕೆಲಸ.”

“ಏನು ಕಲೀತಾವೆ?”

“ವೈರ್ ಸುಡೋದು. ತಾಮ್ರ ಬಿಡಿಸೋದು.”

“ಹಗಲೂ ರಾತ್ರಿ ಹೊರಗಿಂದ ಬೀಗ ಯಾಕೆ?”

“ಗಮನ ಬೇರೆ ಕಡೆ ಹೋಗಬಾರದಲ್ಲ.”

ಮೊಬೈಲ್ ಮುಂದೆ ಹಿಡಿದ. ಛಾವಣಿಯ ಮೇಲೆ ಓಡುತ್ತಿರುವ ಒಬ್ಬ ಹಸಿರು ದಡಿಯ, ಹಿಂದಿನಿಂದ ತೆಗೆದ ಫೋಟೊ.

“ಇವನೇ ಸೊಳ್ಳೆಮಾಮ. ಕೊಳೆಗೇರಿ ಮಕ್ಕಳಿಗೆ ದೇವರು. ಇವನು ಮೇಲೆ ಕಾಣಿಸ್ಕೊಂಡ ದಿನ ಕೆಳಗೆ ನನ್ ಶೆಡ್ ಖಾಲಿ. ಮತ್ತೆ ಒಂದೊಂದನ್ನೇ ಹಿಡ್ಕೊಂಡು ಬರೋಷ್ಟರಲ್ಲಿ ಸಾಕಾಗೋಗುತ್ತೆ. ನಾಳೆ ಮಧ್ಯಾಹ್ನ ಲಾರಿ ಬರುತ್ತೆ. ಎಲ್ಲಾ ಮಕ್ಕಳನ್ನೂ ದೂರದ ಊರಿಗೆ ಸಾಗಿಸಿಬಿಡ್ತೀನಿ. ಅಷ್ಟರೊಳಗೆ ಇವನ ಮುಖ ಬೇಕು ನಂಗೆ.”

“ನಿಮ್ಮ ಹುಡುಗರಿದಾರಲ್ಲ?”

“ಅವಕ್ಕೆ ಕೈಯಿದೆ, ತಲೆಯಿಲ್ಲ. ಹೋದ ಸಲ ಒಬ್ಬ ರಿಟೈರ್ಡ್ ದಫೇದಾರನ್ನ ಕಳಿಸಿದ್ದೆ. ಆನೆ ಹಾಗಿದ್ದ. ವಾಪಸ್ ಬರ್ಲೇ ಇಲ್ಲ.”

“ಈಗ ನಾನೇ ಯಾಕೆ?”

ಮೇಲಿನಿಂದ ಕೆಳಗಿನ ತನಕ ನೋಡಿದ. “ಗಟ್ಟಿಯಾಗಿದೀಯ. ಒಂಟಿ. ಕಾಣೆಯಾದ್ರೂ ಕೇಳೋರಿಲ್ಲ.”

ಮುಚ್ಚುಮರೆಯಿಲ್ಲದ ಮನುಷ್ಯ. ಅದೊಂದು ಗುಣಕ್ಕೆ ಮೆಚ್ಚಬೇಕು.

ಫೋಟೊವನ್ನು ಇನ್ನೊಮ್ಮೆ ನೋಡಿದೆ. ವೇಷದ ಜಿಪ್ ಬೆನ್ನಿನ ಮೇಲಿತ್ತು. ಸೊಂಟದಿಂದ ಕತ್ತಿನ ತನಕ, ಪೂರ್ತಿ ಹಾಕಿದ್ದು. ಬೆನ್ನಿನ ಜಿಪ್ ವಿಷಯ ನನಗೆ ಚೆನ್ನಾಗಿ ಗೊತ್ತು. ನನ್ನ ಹೆಂಡತಿಯ ಬಳಿ ಅಂಥದೊಂದು ನೀಲಿ ಗೌನು ಇತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನನ್ನನ್ನು ಬೈದು ಹೊರಟಾಗ ಎಲ್ಲವನ್ನೂ ಒಯ್ದಳು, ಆ ಗೌನನ್ನು ಬಿಟ್ಟುಹೋದಳು. ಒಬ್ಬಳೇ ಹಾಕಿಕೊಳ್ಳಲು ಬರುವುದಿಲ್ಲವಲ್ಲ.

ಅಂದರೆ ಸೊಳ್ಳೆಮಾಮ ಒಬ್ಬನೇ ಅಲ್ಲ. ಅವನಿಗೆ ಜಿಪ್ ಹಾಕಿಕೊಡುವವರು ಯಾರೋ ಇದ್ದಾರೆ. ಜಿಪ್ಪಿನ ಹಿಡಿ ಮುರಿದುಹೋಗಿ, ಅದರ ಜಾಗದಲ್ಲಿ ತಾಮ್ರದ ತಂತಿಯ ಉಂಗುರ ಇತ್ತು. ಜಡೆಯ ಹಾಗೆ ಮೂರೆಳೆ ಹೆಣೆದದ್ದು. ತಾಮ್ರದ ತಂತಿ ಸಿಗುವುದು ಎಲ್ಲಿ? ಅದೇ ಶೆಡ್ಡಿನಲ್ಲಿ.

ಸಂಜೆಯ ತನಕ ಶೆಡ್ಡಿನ ಹಿಂದಿನ ಡ್ರಮ್ಮುಗಳ ನಡುವೆ ಕೂತೆ. ಒಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕೆಮ್ಮು. ಹತ್ತು ವರ್ಷದ ಒಬ್ಬ ಹುಡುಗಿ ಗೋಡೆ ಹಿಡಿದುಕೊಂಡು ಬಂದಳು. ತಗಡಿನ ತೂತಿನಲ್ಲಿ ಒಂದು ತುಂಡು ಬ್ರೆಡ್ಡು ತೂರಿಸಿದಳು. ಒಳಗಿನಿಂದ ಮಸಿ ಮೆತ್ತಿದ ಪುಟ್ಟ ಕೈ ಅದನ್ನು ತೆಗೆದುಕೊಂಡಿತು. ಒಂದು ಕ್ಷಣ ಬಿಟ್ಟು ಅರ್ಧ ಬ್ರೆಡ್ಡು ಹೊರಗೆ ಬಂತು.

“ನೀನು ತಿನ್ನೋ,” ಎಂದಳು.

“ನೀನೂ ತಿನ್ನಕ್ಕ,” ಎಂದಿತು ಒಳಗಿನ ದನಿ.

ಅವಳ ಜಡೆಗೆ ತಾಮ್ರದ ತಂತಿ ಕಟ್ಟಿತ್ತು. ಮೂರೆಳೆ.

ಹಿಂಬಾಲಿಸಿದೆ. ನಲ್ಲಿಯ ಸಾಲು ದಾಟಿದಳು, ರೈಲು ಹಳಿಯನ್ನೂ ದಾಟಿದಳು, ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಳಗೆ ಮಾಯವಾದಳು. ಸದ್ದು ಮಾಡದೆ ನಾನೂ ಒಳಗೆ ಕಾಲಿಟ್ಟೆ. ಇಪ್ಪತ್ತು ವರ್ಷದ ಅನುಭವ ನನ್ನದು, ನೋಡಿ.

ಕಾಲಿಗೆ ಕೇಬಲ್ ಸಿಕ್ಕಿತು. ಮುಗ್ಗರಿಸಿದೆ. ಕಣ್ಣು ಬಿಡುವಷ್ಟರಲ್ಲಿ ಒಂದು ಪೋರ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ, ಮೂರನೆಯದು ನನ್ನ ಮೂಗು ಹಿಡಿದುಕೊಂಡಿತ್ತು. ಕೈಕಾಲು ಕಟ್ಟಿ ಸ್ಟೂಲಿನ ಮೇಲೆ ಕೂರಿಸಿದವು.

ಎದುರಿಗೆ, ಐಸ್ ಪೆಟ್ಟಿಗೆಯ ಮೇಲೆ ಕಾಲು ಚಾಚಿಕೊಂಡು ಆನೆಯಂಥ ಮನುಷ್ಯ. ಕಾಲಿಗೆ ಹಲಗೆ ಕಟ್ಟಿ ಬಟ್ಟೆ ಸುತ್ತಿತ್ತು.

“ಬಾರಯ್ಯ,” ಎಂದ ದಫೇದಾರ. “ನಿನಗೇ ಕಾಯ್ತಿದ್ವಿ.”

“ನನಗಾ?”

“ನಿನಗೇ ಅಂತಲ್ಲ. ನನ್ನ ಕಾಲು ಮುರೀತು. ಬೀಗದಣ್ಣ ಇನ್ನೊಬ್ಬನ್ನ ಕಳಿಸೇ ಕಳಿಸ್ತಾನೆ ಅಂತ ಗೊತ್ತಿತ್ತು. ಗಟ್ಟಿ ಆಳು, ಹಿಂದೆಮುಂದೆ ಯಾರೂ ಇಲ್ಲದೋನು. ಅಂಥೋರನ್ನ ನಾವು ಎಲ್ಲಿ ಅಂತ ಹುಡುಕೋಣ? ಅವನೇ ಹುಡುಕಿ, ಆರಿಸಿ, ಇಲ್ಲಿಗೆ ಕಳಿಸಿಕೊಡ್ತಾನೆ. ನನ್ನನ್ನೂ ಅವನೇ ಕಳಿಸಿದ್ದು.”

ಹುಡುಗಿ ಒಂದು ಹಗ್ಗ ತಂದು ನನ್ನ ಎದೆಯ ಸುತ್ತಳತೆ ನೋಡಿದಳು. ತಾಮ್ರಿ ಎಂದು ಕರೆಯುತ್ತಾರೆ ಅವಳನ್ನು.

“ಆಗುತ್ತೆ,” ಎಂದಳು. “ಹೊಟ್ಟೆ ಹತ್ರ ಸ್ವಲ್ಪ ಕಷ್ಟ.”

“ಪೊಲೀಸಿಗೆ ಹೇಳಬೇಕಿತ್ತು,” ಎಂದೆ ದಫೇದಾರನಿಗೆ.

“ಹೇಳಿದೆ. ದೂರು ಬರ್ಕೊಂಡೋನೇ ಬೀಗದಣ್ಣಂಗೆ ಫೋನ್ ಮಾಡ್ದ. ನಾನೇ ಟ್ರೇನಿಂಗ್ ಕೊಟ್ಟ ಹುಡುಗ.”

“ನಾನು ಹೊಡೆದಾಡೋ ವೀರ ಅಲ್ಲ.”

“ಹೊಡೆದಾಡೋದು ಬೇಡ ಮಾಮ,” ಎಂದಳು ತಾಮ್ರಿ. “ಓಡಿದ್ರೆ ಸಾಕು. ನೀವು ಮೇಲೆ ಓಡಿದ್ರೆ ಎಲ್ರೂ ನಿಮ್ಮನ್ನೇ ನೋಡ್ತಾರೆ. ಬಾಗಿಲು ನಾವು ನೋಡ್ಕೋತೀವಿ. ನನ್ ತಮ್ಮ ಸ್ಕ್ರೂ ಒಳಗಿದಾನೆ. ಪ್ರತಿ ಸಲಾನೂ ಎಲ್ರನ್ನೂ ದಾಟಿಸಿ ಕೊನೇಲಿ ಬರ್ತಾನೆ. ಕೊನೇಲಿ ಬಂದೋನು ಸಿಕ್ಕಿಬೀಳ್ತಾನೆ. ಈ ಸಲ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಓಡಬೇಕು. ಅಷ್ಟೇ.”

“ಆಗಲ್ಲ ಅಂದ್ರೆ?”

ಅವಳು ನನ್ನ ಕಟ್ಟು ಬಿಚ್ಚಿದಳು. ನನ್ನಿಂದ ಕಿತ್ತುಕೊಂಡಿದ್ದ ಮೊಬೈಲನ್ನು ಕೈಗೆ ಕೊಟ್ಟಳು.

“ಕಟ್ಟಿಹಾಕಿದ್ರೆ ಓಡಕ್ಕಾಗಲ್ಲ. ಹೋಗಿ. ನಾಳೆ ಲಾರಿ ಹತ್ರ ಇದ್ರೆ ಅವನಿಗೊಂದು ಟಾಟಾ ಮಾಡಿ. ನಮಗೆ ಅಲ್ಲಿಗೆ ಬರಕ್ಕಾಗಲ್ಲ.”

ನಾನು ಹೋದೆ. ಸುಳ್ಳು ಯಾಕೆ ಹೇಳಲಿ, ಮರುದಿನ ಬೆಳಿಗ್ಗೆ ನೆಟ್ಟಗೆ ಬೀಗದಣ್ಣನ ಆಫೀಸಿಗೇ ಹೋದೆ. ಮುಖ ಸಿಕ್ಕಿತು, ವಿಳಾಸವೂ ಸಿಕ್ಕಿತು, ಕೆಲಸ ಮುಗಿಯಿತು ಎಂದುಕೊಂಡೆ. ಬೀಗದಣ್ಣ ತಿಂಡಿ ತಿನ್ನುತ್ತಿದ್ದ. ತಟ್ಟೆಯಲ್ಲಿ ಬ್ರೆಡ್ಡು. ಅಂಚನ್ನೆಲ್ಲ ಕಿತ್ತು ನಾಯಿಗೆ ಎಸೆಯುತ್ತಿದ್ದ.

“ಮುಖ ಸಿಕ್ತಾ?”

ನನಗೆ ಆ ಅರ್ಧ ಬ್ರೆಡ್ಡು ಹೊರಗೆ ಬಂದದ್ದು ನೆನಪಾಯಿತು.

“ಇನ್ನೂ ಇಲ್ಲ,” ಎಂದೆ.

ಮಧ್ಯಾಹ್ನ ತಾಮ್ರಿ ಸ್ಟೂಲಿನ ಮೇಲೆ ನಿಂತು ನನ್ನ ಬೆನ್ನಿನ ಜಿಪ್ ಎಳೆದಳು. ಟೊಪ್ಪಿಗೆ, ಮುಖವಾಡ, ಮೈಬಟ್ಟೆ ಎಲ್ಲ ಒಂದೇ ತುಂಡು. ಕತ್ತಿನ ಹತ್ತಿರ ತಂತಿಯಿಂದ ಬಿಗಿಯಾಗಿ ಹೆಣೆದಳು.

“ಇದ್ಯಾಕೆ?”

“ಸಿಕ್ಕಿಬಿದ್ರೆ ಬೇಕಾಗುತ್ತೆ.”

ಓಡಿದೆ. ಬಿದ್ದೆ. ಎಲ್ಲಿಗೆ ಅಂತೀರಾ? ನೆಟ್ಟಗೆ ಬೀಗದಣ್ಣನ ಆಫೀಸಿನ ಮೇಜಿನ ಮೇಲೆ. ಬೆಳಿಗ್ಗೆ ಬಾಗಿಲಿನಿಂದ ಬಂದಿದ್ದೆ, ಈಗ ಛಾವಣಿಯಿಂದ.

ಮೊಣಕಾಲು ಲಟಕ್ಕೆಂದಿತು. ಏಳುವಷ್ಟರಲ್ಲಿ ಮೂವರೂ ಒಳಗೆ ನುಗ್ಗಿ ನನ್ನನ್ನು ಗೋಡೆಗೆ ಒತ್ತಿ ಹಿಡಿದರು. ಹೊರಗೆ ಲಾರಿಯ ಹಾರನ್ನು ಕೇಳಿಸಿತು.

“ಕೊನೆಗೂ ಬಂದೆ,” ಎಂದ ಬೀಗದಣ್ಣ. “ತೆಗೀರೋ ಮುಖವಾಡ.”

ಎಳೆದರು. ಕತ್ತು ಬಂದೀತು, ಮುಖವಾಡ ಬರಲಿಲ್ಲ.

“ಜಿಪ್ ಹಿಂದೆ ಇದೆ ಅಣ್ಣ.”

“ಎಳಿ.”

“ತಂತಿ ಸುತ್ತವ್ರೆ.”

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ದನಿಯ ಗುರುತು ಸಿಗುತ್ತಿತ್ತು. ಮನಸ್ಸಿನಲ್ಲಿ ಒಂದೇ ಮಾತು... ಬೇಗ ಬಾರೋ ಸ್ಕ್ರೂ, ಈ ಒಂದು ಸಲ ಕೊನೆಯವನಾಗಬೇಡ. ಬೀಗದಣ್ಣ ತಾನೇ ಉಗುರು ಹಾಕಿ ನೋಡಿದ. ಉಗುರು ಕಿತ್ತುಬಂತು.

“ಶೆಡ್‌ನಿಂದ ಇಕ್ಕಳ ತಗೊಂಬಾರೋ.”

ಒಬ್ಬ ಓಡಿದ. ತಿರುಗಿ ಬಂದಾಗ ಅವನ ಮುಖ ಬಿಳಿಚಿತ್ತು.

“ಅಣ್ಣ... ಇಕ್ಕಳ ಇಲ್ಲ.”

“ಒಂದೂ ಇಲ್ವಾ?”

“ಮಕ್ಕಳೂ ಇಲ್ಲ. ಬಾಗಿಲೂ ಇಲ್ಲ.”

“ಬೀಗ?”

“ಬೀಗ ಇದೆ ಅಣ್ಣ. ಹಾಕಿದ್ದು ಹಾಕಿದ ಹಾಗೇ ಇದೆ.”

ಅಷ್ಟೇ ಗುಟ್ಟು. ಬೀಗದಣ್ಣ ಜೀವನವಿಡೀ ಬೀಗ ನಂಬಿದ. ಮಕ್ಕಳು ಕೀಲುಗಳ ತಿರುಪು ಬಿಚ್ಚಿ ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟಿದ್ದರು. ಹಿಂದಿನ ಸಲವೆಲ್ಲ ಹೋಗುವ ಮುಂಚೆ ಅದನ್ನು ಮತ್ತೆ ಕೂರಿಸಿಡುತ್ತಿದ್ದರಂತೆ, ಈ ಸಲ ಅದಕ್ಕೂ ಪುರುಸೊತ್ತಿರಲಿಲ್ಲ.

“ಹಿಡೀರೋ ಅವನ್ನ!”

ಮೂವರೂ ಓಡಿದರು. ಬೀಗದಣ್ಣ ನನ್ನ ಬೆನ್ನ ಹಿಂದೆ ನಿಂತು, ಒಂದು ಕೈಯಲ್ಲಿ ಕತ್ತು ಹಿಡಿದು, ಹಲ್ಲಿನಿಂದ ತಂತಿ ಬಿಚ್ಚಲು ನೋಡುತ್ತಿದ್ದ. ಮುಖ ನೋಡುವ ಹಟ ಅವನಿಗೆ ಅಷ್ಟಿತ್ತು. ಬೆನ್ನಿಗೆ ಅಂಟಿಕೊಂಡು ನಿಂತವನ ಸೊಂಟ ನನ್ನ ಕೈಗೆ ಎಟುಕುತ್ತಿತ್ತು. ಸೊಂಟದಲ್ಲಿ ಗೊಂಚಲು...

ಕಿತ್ತೆ. ಮೊಣಕೈಯಿಂದ ಹೊಟ್ಟೆಗೊಂದು ಕೊಟ್ಟೆ. ಕುಂಟುತ್ತ ಹೊರಗೆ ಬಂದು ಬಾಗಿಲು ಎಳೆದು, ಅಲ್ಲೇ ತೂಗುತ್ತಿದ್ದ ಬೀಗ ಒತ್ತಿದೆ. ಒಳ್ಳೆಯ ಬೀಗ. ಒಂದೇ ಸಲಕ್ಕೆ ಬಿತ್ತು.

ಐಸ್ ಫ್ಯಾಕ್ಟರಿ ತಲುಪುವಾಗ ಮಕ್ಕಳೆಲ್ಲ ಬಂದಿದ್ದರು. ತಾಮ್ರಿ ಬಾಗಿಲಲ್ಲಿ ನಿಂತಿದ್ದಳು.

“ಸ್ಕ್ರೂ?”

ಅವಳು ಹಳಿಯ ಕಡೆಗೇ ನೋಡುತ್ತಿದ್ದಳು. ನಾನೂ ನೋಡಿದೆ. ಒಂದು ಗೂಡ್ಸ್ ರೈಲು ಹೋಯಿತು. ಅದರ ಉದ್ದ ನನಗೆ ಯಾವತ್ತೂ ಅಷ್ಟು ಅನ್ನಿಸಿರಲಿಲ್ಲ. ನನ್ನ ಓಟ ಸಾಲಲಿಲ್ಲ ಎಂದುಕೊಂಡೆ. ಆ ಹೊತ್ತಿನಲ್ಲಿ ನಾನು ಪಟ್ಟ ಸಂಕಟ ನನ್ನ ಹೆಂಡತಿ ಹೋದಾಗಲೂ ಪಟ್ಟಿರಲಿಲ್ಲ.

ರೈಲು ದಾಟಿತು. ಆಚೆ ಬದಿಯಲ್ಲಿ ಒಂದು ಪುಟ್ಟ ಮಸಿಯ ಮುದ್ದೆ ನಿಂತಿತ್ತು. ಕೈಯಲ್ಲಿ ಎರಡು ಬಾಗಿಲ ಕೀಲು.

“ಹಿತ್ತಾಳೇದು ಅಕ್ಕ,” ಎಂದ ಸ್ಕ್ರೂ. “ಬಿಟ್ಟು ಬರಕ್ಕೆ ಮನಸ್ಸಾಗ್ಲಿಲ್ಲ.”

ತಾಮ್ರಿ ಅವನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಬಿಗಿಯಾಗಿ ತಬ್ಬಿಕೊಂಡಳು. ನಾನು ಅತ್ತೆ. ಮುಖವಾಡ ಇದ್ದದ್ದು ಒಳ್ಳೆಯದಾಯಿತು.

ಇದು ನಡೆದದ್ದು ಹೀಗೆ. ಬೀಗದಣ್ಣನನ್ನು ಅವನ ಹುಡುಗರು ಬಾಗಿಲು ಒಡೆದು ತೆಗೆದರಂತೆ. ಹಳಿಯಾಚೆ ಅವನದು ಇನ್ನೊಂದು ಶೆಡ್ ಇದೆ. ಅಲ್ಲೂ ಮಕ್ಕಳಿದ್ದಾರೆ. ಬಾಗಿಲ ಕೀಲು ಅಲ್ಲೂ ಹಳೆಯದೇ. ಆದರೆ ನನ್ನ ಮೊಣಕಾಲು ಹೋಯಿತು, ಈ ಐಸ್ ಪೆಟ್ಟಿಗೆ ಬಿಟ್ಟು ಏಳಲಾರೆ. ಅವನು ಮತ್ತೊಬ್ಬನನ್ನು ಕಳಿಸುತ್ತಾನೆ ಎಂದು ಕಾಯುತ್ತಿದ್ದೆವು.

ಗಟ್ಟಿಯಾಗಿದ್ದೀರಿ. ಒಂಟಿ ಇರಬೇಕು. ಹೋದ ಸಲ ಕಳಿಸಿದವನು ವಾಪಸ್ ಬರಲಿಲ್ಲ ಎಂದು ನಿಮಗೂ ಹೇಳಿರುತ್ತಾನೆ. ಅವನೇ ನಾನು.

ಅಲುಗಾಡಬೇಡಿ. ಸ್ಕ್ರೂ ನಿಮ್ಮ ಕೆಳಗೇ ಕೂತಿದ್ದಾನೆ, ಸ್ಟೂಲಿನ ಒಂದು ಕಾಲನ್ನು ಆಗಲೇ ಬಿಚ್ಚಿರಬೇಕು. ತಾಮ್ರಿ ಈಗ ನಿಮ್ಮ ಕಟ್ಟು ತೆಗೆಯುತ್ತಾಳೆ. ಬಾಗಿಲು ತೆರೆದಿದೆ. ಬೀಗದಣ್ಣನ ಆಫೀಸಿಗೆ ಹೋಗುವುದಾದರೆ ಹೋಗಿ, ನಾನೂ ಹೋಗಿದ್ದೆ. ದಾರಿಯಲ್ಲಿ ಆ ಶೆಡ್ಡಿನ ಗೋಡೆಯ ತೂತಿನ ಹತ್ತಿರ ಒಂದು ನಿಮಿಷ ನಿಂತು ಹೋಗಿ.

ತಿರುಗಿ ಬಂದಾಗ ಬೆನ್ನು ಈ ಕಡೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು ನಿಲ್ಲಿ... ಜಿಪ್ಪಿಗೆ ಚರ್ಮ ಸಿಕ್ಕಿದರೆ ಕೂಗಬೇಡಿ, ಸೊಳ್ಳೆಮಾಮ ವೀರನೆಂದು ಮಕ್ಕಳು ನಂಬಿದ್ದಾರೆ.